ಮನೆಯ ಫೋಟೋಗಳ ಬ್ಯಾಕಪ್‌ಗೆ ಯಾವ ಸಾಧನ, ಯಾವ ಕ್ರಮ: ಮುಂಬಯಿ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

ಫೋಟೋ ಹೋಯಿತೆಂದು ನೆರವು ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಒಂದು ಹಾರ್ಡ್ ಡಿಸ್ಕ್ ಕೊಂಡು, ಮೊಬೈಲಿನಲ್ಲಿದ್ದುದನ್ನೆಲ್ಲ ಅದಕ್ಕೆ ಹಾಕಿ, ಜಾಗ ಸಾಲದೆಂದು ಮೊಬೈಲಿನಿಂದ ಅಳಿಸಿಬಿಟ್ಟವರೇ ಆಗಿರುತ್ತಾರೆ. ಹಾಗೆ ಮಾಡಿದಾಗ ಇದ್ದ ಒಂದೇ ಪ್ರತಿ ಜಾಗ ಬದಲಿಸುತ್ತದೆಯೇ ಹೊರತು ಬ್ಯಾಕಪ್ ಆಗುವುದಿಲ್ಲ. ಆ ಡಿಸ್ಕು ಕೈಜಾರಿ ಬಿದ್ದ ದಿನ, ಮಗುವಿನ ನಾಮಕರಣದಿಂದ ಹಿಡಿದು ಊರಿನ ಮನೆಯ ಗೃಹಪ್ರವೇಶದವರೆಗಿನ ಎಲ್ಲ ಚಿತ್ರಗಳೂ ಒಟ್ಟಿಗೆ ಹೋಗುತ್ತವೆ. ಯಾವ ಕಂಪನಿಯ ಡಿಸ್ಕು ಒಳ್ಳೆಯದು ಎಂಬ ಪ್ರಶ್ನೆ ಎಲ್ಲರ ಬಾಯಲ್ಲೂ ಮೊದಲು ಬರುತ್ತದೆ. ಯಾವ ಕಂಪನಿಯದಾದರೂ ಡಿಸ್ಕು ಒಂದಲ್ಲ ಒಂದು ದಿನ ಕೆಡುತ್ತದೆ. ಆದ್ದರಿಂದ ನಾವು ನೆಚ್ಚಿಕೊಳ್ಳಬೇಕಾದದ್ದು ಹಲವು ಪ್ರತಿಗಳ ಏರ್ಪಾಡನ್ನು.

ಈ ಏರ್ಪಾಡಿನಲ್ಲಿ ಕ್ರಮವೇ ಮುಖ್ಯ. ಮೊದಲು ಅಳತೆ, ಆಮೇಲೆ ಯೋಜನೆ, ಆಮೇಲೆ ಖರೀದಿ, ಕೊಂಡದ್ದರ ಪರೀಕ್ಷೆ, ನಕಲು, ತಾಳೆ, ಮರಳಿ ತೆರೆದು ನೋಡುವುದು. ಇಷ್ಟೂ ಆದ ಬಳಿಕವೇ ಮೊಬೈಲಿನಿಂದ ಅಳಿಸುವುದು. ಕೊನೆಯ ಕೆಲಸವನ್ನು ಮೊದಲಿಗೆ ತಂದುಕೊಂಡವರೇ ಫೋಟೋ ಕಳೆದುಕೊಳ್ಳುತ್ತಾರೆ.

ಬೇಕಾಗುವ ಸಾಮಗ್ರಿ

ಒಂದು ಲ್ಯಾಪ್‌ಟಾಪ್ ಅಥವಾ ಡೆಸ್ಕ್‌ಟಾಪ್, ಮಾಹಿತಿ ಸಾಗಿಸಬಲ್ಲ ಯುಎಸ್‌ಬಿ ಕೇಬಲ್, ಎರಡು ಹೊರ ಹಾರ್ಡ್ ಡಿಸ್ಕುಗಳು, ಇಂಟರ್‌ನೆಟ್ ಮೂಲಕ ಫೈಲುಗಳನ್ನು ದೂರದ ಕಂಪ್ಯೂಟರಿನಲ್ಲಿ ಇಡುವ ಒಂದು ಕ್ಲೌಡ್ ಖಾತೆ, ಗಾಳಿಯಾಡದಂತೆ ಮುಚ್ಚುವ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣಗಳು, ಹೆಸರು ಬರೆದು ಅಂಟಿಸಲು ಸ್ಟಿಕ್ಕರ್, ಒಂದು ನೋಟ್‌ಬುಕ್. ಕೆಲವು ಕೇಬಲ್‌ಗಳು ಚಾರ್ಜ್ ಮಾತ್ರ ಮಾಡುತ್ತವೆ. ಕಂಪ್ಯೂಟರಿಗೆ ಜೋಡಿಸಿದಾಗ ಮೊಬೈಲು ಫೋಲ್ಡರಿನ ರೂಪದಲ್ಲಿ ಕಾಣಿಸದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಬೇಕು.

ಹಂತ 1: ಎಲ್ಲವನ್ನೂ ಒಂದೆಡೆ ತಂದು ಅಳೆಯುವುದು

ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿರುವ ಫೋಟೋಗಳು ಎಲ್ಲೆಲ್ಲಿ ಹರಡಿವೆ ಎಂಬ ಪಟ್ಟಿಯನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಈಗಿನ ಮೊಬೈಲುಗಳು, ಡ್ರಾಯರಿನಲ್ಲಿ ಬಿದ್ದಿರುವ ಹಳೆಯ ಮೊಬೈಲುಗಳು, ಕ್ಯಾಮೆರಾದ ಮೆಮೊರಿ ಕಾರ್ಡುಗಳು, ಮದುವೆಯ ಫೋಟೋಗ್ರಾಫರ್ ಕೊಟ್ಟ ಡಿವಿಡಿ ಅಥವಾ ಪೆನ್‌ಡ್ರೈವ್, ಹಳೆಯ ಲ್ಯಾಪ್‌ಟಾಪ್, ವಾಟ್ಸ್ಆ್ಯಪ್ ಫೋಲ್ಡರ್ ಇವೆಲ್ಲವೂ ಪಟ್ಟಿಯಲ್ಲಿರಬೇಕು. ಹಳೆಯ ಮೊಬೈಲಿನ ಬ್ಯಾಟರಿ ಉಬ್ಬಿದ್ದರೆ ಅದನ್ನು ಚಾರ್ಜಿಗೆ ಹಾಕಬೇಡಿ. ರಿಪೇರಿಯವರಲ್ಲಿ ಬ್ಯಾಟರಿ ಬದಲಿಸಿದ ಬಳಿಕವೇ ಅದರೊಳಗಿನ ಫೋಟೋ ತೆಗೆಯಿರಿ.

ಇಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೋವನ್ನೇ ಮೂಲವೆಂದು ತಿಳಿಯುವುದು ಮೊದಲನೆಯದು. ಸಾಮಾನ್ಯ ರೀತಿಯಲ್ಲಿ ಕಳಿಸಿದ ಫೋಟೋವನ್ನು ವಾಟ್ಸ್ಆ್ಯಪ್ ಕುಗ್ಗಿಸುತ್ತದೆ ಮತ್ತು ತೆಗೆದ ದಿನಾಂಕ, ಸ್ಥಳಗಳ ವಿವರವನ್ನು ಕಳಚಿಹಾಕುತ್ತದೆ. ಊರಿನಲ್ಲಿ ಅತ್ತೆಯ ಷಷ್ಟ್ಯಬ್ದಿಗೆ ಭಾವ ತೆಗೆದ ಚಿತ್ರಗಳು ನಿಮಗೆ ಬೇಕಾದರೆ, ಅವನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳಿಸಲು ಹೇಳಿ. ಆಗ ಮೂಲ ಫೈಲೇ ಬರುತ್ತದೆ. ಎರಡನೆಯದು ಐಫೋನ್ ಇರುವವರ ತಪ್ಪು. ಅದರಲ್ಲಿ ‘ಆಪ್ಟಿಮೈಸ್ ಐಫೋನ್ ಸ್ಟೋರೇಜ್’ ಚಾಲನೆಯಲ್ಲಿದ್ದರೆ ಪೂರ್ಣ ಗಾತ್ರದ ಚಿತ್ರ ಐಕ್ಲೌಡ್‌ನಲ್ಲಿದ್ದು, ಮೊಬೈಲಿನಲ್ಲಿ ಚಿಕ್ಕ ರೂಪ ಮಾತ್ರ ಉಳಿದಿರಬಹುದು. ಅಂಥವರು ಮೊದಲು ಮೂಲಗಳನ್ನು ಐಕ್ಲೌಡ್‌ನಿಂದ ಇಳಿಸಿಕೊಳ್ಳಬೇಕು.

ಗಾತ್ರದ ಅಂದಾಜು ಹೀಗೆ. 12 ಮೆಗಾಪಿಕ್ಸೆಲ್‌ನ ಒಂದು ಜೆಪೆಗ್ ಚಿತ್ರ ಸಾಮಾನ್ಯವಾಗಿ 3ರಿಂದ 5 ಎಂಬಿ ಇರುತ್ತದೆ. 10,000 ಚಿತ್ರಗಳೆಂದರೆ ಸುಮಾರು 40 ಜಿಬಿ. ಜಾಗ ತಿನ್ನುವುದು ವೀಡಿಯೊ. ಐಫೋನಿನಲ್ಲಿ ಸೆಕೆಂಡಿಗೆ 30 ಚೌಕಟ್ಟಿನ 4ಕೆ ವೀಡಿಯೊ ನಿಮಿಷಕ್ಕೆ ಸುಮಾರು 170 ಎಂಬಿ, 60 ಚೌಕಟ್ಟಿನದಾದರೆ ಸುಮಾರು 400 ಎಂಬಿ ಹಿಡಿಯುತ್ತದೆ. ಮಗಳ ಭರತನಾಟ್ಯವನ್ನು 20 ನಿಮಿಷ ಚಿತ್ರೀಕರಿಸಿದರೆ ಮೊದಲ ಲೆಕ್ಕದಲ್ಲಿ 3.4 ಜಿಬಿ, ಎರಡನೆಯದರಲ್ಲಿ 8 ಜಿಬಿ. ಈಗಿರುವ ಒಟ್ಟು ಗಾತ್ರವನ್ನೂ ಕಳೆದ ಒಂದು ವರ್ಷದಲ್ಲಿ ಸೇರಿದ್ದನ್ನೂ ಬರೆದುಕೊಂಡು, ಮುಂದಿನ ಐದು ವರ್ಷಕ್ಕೆ ಲೆಕ್ಕ ಹಾಕಿ, ಮೇಲೆ ಕಾಲು ಭಾಗ ಬಿಟ್ಟರೆ ಎಷ್ಟು ದೊಡ್ಡ ಡಿಸ್ಕು ಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.

ಹಂತ 2: ಎಷ್ಟು ಪ್ರತಿ, ಎಲ್ಲೆಲ್ಲಿ ಎಂದು ಮೊದಲೇ ನಿರ್ಧರಿಸುವುದು

ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಅದರಲ್ಲೊಂದು ಮನೆಯ ಹೊರಗೆ ಎಂಬುದು ಎಲ್ಲೆಡೆ ಒಪ್ಪಿತವಾದ ನಿಯಮ. ಇದನ್ನು ಕಡಿಮೆ ಮಾಡಿಕೊಳ್ಳಲು ನಾನು ಯಾರಿಗೂ ಸಲಹೆ ಕೊಡುವುದಿಲ್ಲ.

ಮನೆಯ ಹೊರಗೆ ಎಂಬ ಮಾತನ್ನೇ ಜನ ಲಘುವಾಗಿ ನೋಡುತ್ತಾರೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ನೀರು ಹೊಕ್ಕ ಮನೆಗಳಲ್ಲಿ, ಒಂದೇ ಕಪಾಟಿನಲ್ಲಿ ಎಷ್ಟು ಡಿಸ್ಕು ಇಟ್ಟಿದ್ದರೂ ಅವೆಲ್ಲ ಒಂದೇ ನೀರಿನಲ್ಲಿ ಮುಳುಗುತ್ತಿದ್ದವು. ಬೆಂಕಿ, ಕಳವುಗಳೂ ಹಾಗೆಯೇ: ಕಪಾಟಿನಲ್ಲಿದ್ದ ಎರಡೂ ಪ್ರತಿ ಒಮ್ಮೆಗೇ ಹೋಗುತ್ತವೆ. ಅದೇ ಸೊಸೈಟಿಯ ಇನ್ನೊಂದು ಮಹಡಿಯಲ್ಲಿರುವ ಪರಿಚಿತರಲ್ಲಿ ಇಟ್ಟರೆ ಕಳವಿನಿಂದ ರಕ್ಷಣೆ ಸಿಗಬಹುದು, ಕಟ್ಟಡಕ್ಕೆ ಬಂದ ಆಪತ್ತಿನಿಂದ ಸಿಗುವುದಿಲ್ಲ.

ಹೊರನಾಡಿನಲ್ಲಿರುವ ನಮಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ, ಅದನ್ನು ಬಳಸಿಕೊಳ್ಳಬೇಕು. ಉಡುಪಿ, ಕುಂದಾಪುರ, ಹುಬ್ಬಳ್ಳಿ, ವಿಜಯಪುರ ಎಲ್ಲಿಯೇ ಆಗಲಿ ಊರಿನ ಮನೆಯೆಂಬುದು ನೂರಾರು ಕಿಲೋಮೀಟರ್ ದೂರದಲ್ಲಿ ಒಂದಿರುತ್ತದೆ, ವರ್ಷಕ್ಕೊಮ್ಮೆಯೋ ಎರಡು ಸಲವೋ ನಾವು ಹೋಗಿಯೇ ಹೋಗುತ್ತೇವೆ. ಎರಡನೆಯ ಡಿಸ್ಕು ಅಲ್ಲಿರಲಿ. ಊರಿನಲ್ಲಿ ಮನೆ ಉಳಿದಿಲ್ಲದವರು ಬೇರೆ ಬಡಾವಣೆಯ ನೆಂಟರೊಂದಿಗೆ ಅದಲುಬದಲು ಮಾಡಿಕೊಳ್ಳಬಹುದು. ಡೊಂಬಿವಲಿಯಲ್ಲಿರುವ ತಮ್ಮನ ಡಿಸ್ಕು ಪುಣೆಯ ಅಕ್ಕನ ಮನೆಯಲ್ಲಿ, ಅಕ್ಕನದು ತಮ್ಮನಲ್ಲಿ. ಹಾಗೆ ಹೊರಗಿಡುವ ಡಿಸ್ಕಿಗೆ ಗುಪ್ತಪದದ ಬೀಗ ಹಾಕಿರಬೇಕು. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರ್ ಇದೆ. ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಬೀಗದ ಗುಪ್ತಪದ ಮರೆತರೆ ಆ ಡಿಸ್ಕನ್ನು ಯಾರೂ ತೆರೆದುಕೊಡಲಾರರು. ಅದನ್ನು ಕಾಗದದಲ್ಲಿ ಬರೆದು, ಡಿಸ್ಕಿನ ಜೊತೆಗೆ ಇಡದೆ, ಮನೆಯ ಮುಖ್ಯ ದಾಖಲೆಗಳೊಂದಿಗೆ ಇಡಿ.

ಒಂದೇ ಪೆಟ್ಟಿಗೆಯಲ್ಲಿ ಎರಡು ಡಿಸ್ಕು ಸೇರಿಸಿ ಒಂದರ ಪ್ರತಿಬಿಂಬ ಇನ್ನೊಂದರಲ್ಲಿ ಇರುವಂತೆ ಮಾಡುವ ರೇಡ್ (RAID) ವ್ಯವಸ್ಥೆಯನ್ನು ಎರಡು ಪ್ರತಿಯೆಂದು ಎಣಿಸಬೇಡಿ. ನೀವು ತಪ್ಪಿ ಅಳಿಸಿದ ಫೋಟೋ ಎರಡರಿಂದಲೂ ಆ ಕ್ಷಣವೇ ಅಳಿಯುತ್ತದೆ. ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ವೈರಸ್ ಬಂದರೂ ಎರಡೂ ಹೋಗುತ್ತವೆ. ಅದೇ ಕಾರಣಕ್ಕೆ, ಬ್ಯಾಕಪ್ ಡಿಸ್ಕನ್ನು ಸದಾ ಕಂಪ್ಯೂಟರಿಗೆ ಸಿಕ್ಕಿಸಿಟ್ಟಿರುವುದೂ ತಪ್ಪು.

ಹಂತ 3: ಸಾಧನದ ಆಯ್ಕೆ

ಹಾರ್ಡ್ ಡಿಸ್ಕ್. ಮನೆಯ ಫೋಟೋಗಳಿಗೆ ಇಂದಿಗೂ ನಾನು ಮೊದಲು ಹೇಳುವುದು ಇದನ್ನೇ. ಕೊಟ್ಟ ಹಣಕ್ಕೆ ಹೆಚ್ಚು ಜಾಗ ಸಿಗುತ್ತದೆ, ಕೆಡುವ ಮುನ್ನ ಹಲವು ಸಲ ಸೂಚನೆ ಕೊಡುತ್ತದೆ, ವಿದ್ಯುತ್ತಿಲ್ಲದೆ ಕಪಾಟಿನಲ್ಲಿದ್ದರೂ ಬರೆದದ್ದು ಬೇಗ ಮಾಸುವುದಿಲ್ಲ. ಇದರ ದೌರ್ಬಲ್ಯ ಪೆಟ್ಟು. ಒಳಗೆ ತಿರುಗುವ ತಟ್ಟೆಗಳ ಮೇಲೆ ಓದುವ ತಲೆ ಕೂದಲೆಳೆಗಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಚಾಲನೆಯಲ್ಲಿರುವಾಗ ಮೇಜಿನಿಂದ ಬಿದ್ದರೆ ತಟ್ಟೆ ಗೀಚಿಹೋಗುತ್ತದೆ. 2.5 ಇಂಚಿನ ಚಿಕ್ಕ ಡಿಸ್ಕು ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವುದರಿಂದ ಊರಿಗೆ ಒಯ್ಯಲು ಸುಲಭ. 3.5 ಇಂಚಿನದಕ್ಕೆ ಬೇರೆ ಅಡಾಪ್ಟರ್ ಬೇಕು, ಮನೆಯಲ್ಲೇ ಇಡುವ ಪ್ರತಿಗೆ ಅದು ಸರಿ. ಚಿಕ್ಕ ಡಿಸ್ಕುಗಳಲ್ಲಿ ಹಲವು ಮೊದಲು ಚುರುಕಾಗಿ ಬರೆದು, ತುಂಬಾ ಹೊತ್ತು ಬರೆಯುತ್ತಿದ್ದಂತೆ ನಿಧಾನವಾಗುತ್ತವೆ. ಪಟ್ಟಿಗಳನ್ನು ಒಂದರ ಮೇಲೊಂದು ಹೊದಿಸಿದಂತೆ ಬರೆಯುವ ತಂತ್ರ ಅದಕ್ಕೆ ಕಾರಣ. ಬ್ಯಾಕಪ್ ಕೆಲಸಕ್ಕೆ ಅದರಿಂದ ತೊಂದರೆಯಿಲ್ಲ, ಕೆಟ್ಟಿತೆಂದು ಗಾಬರಿಪಟ್ಟು ನಡುವೆ ಕೇಬಲ್ ಕೀಳಬಾರದು ಅಷ್ಟೆ.

ಎಸ್‌ಎಸ್‌ಡಿ. ಇದು ಚಿಪ್ಪುಗಳಲ್ಲಿ ಮಾಹಿತಿ ಇಡುವ ಸಾಧನ. ಒಳಗೆ ಚಲಿಸುವ ಭಾಗವಿಲ್ಲ, ಪೆಟ್ಟು ತಾಳುತ್ತದೆ, ವೇಗ ಹೆಚ್ಚು. ದಿನವೂ ಬಳಸುವ ಪ್ರತಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಇದು ಮಾಹಿತಿಯನ್ನು ವಿದ್ಯುದಂಶದ ರೂಪದಲ್ಲಿ ಹಿಡಿದಿಡುತ್ತದೆ, ಆ ಅಂಶ ಕಾಲಕ್ರಮದಲ್ಲಿ ಸೋರುತ್ತದೆ. ಬರೆಯುವ ಸಾಮರ್ಥ್ಯ ಪೂರ್ತಿ ಸವೆದ ಎಸ್‌ಎಸ್‌ಡಿ ವಿದ್ಯುತ್ತಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಳ್ಳಬೇಕೆಂಬುದು ಚಿಪ್ಪುಗಳಿಗೆ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆ ಮನೆಬಳಕೆಯ ಸಾಧನಗಳಿಗೆ ಇಟ್ಟ ಮಾನದಂಡ. ಹೊಸದು ಇದಕ್ಕಿಂತ ಬಹಳ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ, ಬಿಸಿ ಹೆಚ್ಚಿದಷ್ಟೂ ಆ ಅವಧಿ ಕುಗ್ಗುತ್ತದೆ. ಹಾಗಾಗಿ ಊರಿನ ಮನೆಯ ಕಪಾಟಿನಲ್ಲಿ ವರ್ಷಗಟ್ಟಲೆ ಮುಟ್ಟದೆ ಇಡುವ ಪ್ರತಿಗೆ ಎಸ್‌ಎಸ್‌ಡಿ ಆರಿಸಬೇಡಿ.

ಪೆನ್‌ಡ್ರೈವ್ ಮತ್ತು ಮೆಮೊರಿ ಕಾರ್ಡ್ ಸಾಗಣೆಯ ಸಾಧನಗಳು. ಇಲ್ಲಿಂದ ಅಲ್ಲಿಗೆ ಒಯ್ಯಲು ಬಳಸಿ, ಉಳಿಸಿಡಲು ಬೇಡ. ಮನೆಯಲ್ಲಿ ಬರೆದ ಸಾಮಾನ್ಯ ಸಿಡಿ, ಡಿವಿಡಿಗಳ ಬಣ್ಣದ ಪದರ ಬೆಳಕು, ಬಿಸಿ, ತೇವಗಳಿಗೆ ಹಾಳಾಗುತ್ತದೆ. ಮದುವೆಯ ಡಿವಿಡಿ ಇದ್ದರೆ ಈಗಲೇ ಡಿಸ್ಕಿಗೆ ಇಳಿಸಿಕೊಳ್ಳಿ. ದೀರ್ಘಕಾಲ ಬಾಳಲೆಂದೇ ಮಾಡಿದ ಎಂ-ಡಿಸ್ಕ್ ಒಳ್ಳೆಯದೇ. ಆದರೆ 25 ಜಿಬಿಯ ತಟ್ಟೆಗಳಲ್ಲಿ 1 ಟಿಬಿ ತುಂಬಲು 40 ತಟ್ಟೆ ಬೇಕು, ಅದನ್ನು ಬರೆಯುವ ಮತ್ತು ಓದುವ ಡ್ರೈವನ್ನೂ ಕಾಪಾಡಿಕೊಂಡಿರಬೇಕು. ಆಯ್ದ ಕೆಲವೇ ಚಿತ್ರಗಳಿಗಾದರೆ ಯೋಚಿಸಬಹುದು.

ಕ್ಲೌಡ್. ಮೂರನೆಯ ಪ್ರತಿಗೆ ಇದು ತಕ್ಕುದು, ಏಕೆಂದರೆ ಮನೆಗೆ ಏನೇ ಆದರೂ ಅದು ಬೇರೆಡೆ ಇರುತ್ತದೆ. ಒಂದೇ ಪ್ರತಿಯಾಗಿ ಇದನ್ನು ನೆಚ್ಚಬಾರದು. ಕಾರಣಗಳನ್ನು ಹಂತ 7ರಲ್ಲಿ ವಿವರಿಸಿದ್ದೇನೆ.

ಸಾಮಾನ್ಯ ಸಂಸಾರಕ್ಕೆ ನನ್ನ ಸಲಹೆ ಹೀಗಿದೆ: ಮನೆಯಲ್ಲಿ ಒಂದು ಹಾರ್ಡ್ ಡಿಸ್ಕ್, ಊರಿನಲ್ಲಿ ಇನ್ನೊಂದು ಹಾರ್ಡ್ ಡಿಸ್ಕ್, ಜೊತೆಗೆ ಹಣ ಕೊಟ್ಟು ಪಡೆದ ಕ್ಲೌಡ್ ಜಾಗ. ಮೊಬೈಲಿನಲ್ಲಿ ಉಳಿದಿರುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹಂತ 4: ಖರೀದಿ

ಎರಡು ಡಿಸ್ಕುಗಳನ್ನು ಎರಡು ಬೇರೆ ಕಂಪನಿಗಳಿಂದ ಕೊಳ್ಳಿ. ಹಾರ್ಡ್ ಡಿಸ್ಕನ್ನು ತಯಾರಿಸುವವರು ಈಗ ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ ಮೂರೇ. ಇವರಲ್ಲಿ ಇಬ್ಬರದನ್ನು ಆರಿಸಿದರೆ ಒಂದೇ ತಯಾರಿಕಾ ದೋಷ ಎರಡೂ ಪ್ರತಿಗಳನ್ನು ಹಿಡಿಯುವುದಿಲ್ಲ. ಒಂದೇ ಕಂಪನಿಯದೇ ಬೇಕೆಂದಿದ್ದರೆ ಕೆಲವು ತಿಂಗಳ ಅಂತರದಲ್ಲಿ ಕೊಳ್ಳುವುದು ಮೇಲು.

ಮುಂಬಯಿಯವರಿಗೆ ಗ್ರಾಂಟ್ ರೋಡ್ ಬಳಿಯ ಲ್ಯಾಮಿಂಗ್ಟನ್ ರೋಡ್, ಪುಣೆಯವರಿಗೆ ಬುಧವಾರ ಪೇಟೆಯ ತಪಕೀರ್ ಗಲ್ಲಿ ಪರಿಚಿತ ಪೇಟೆಗಳು. ಎಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ, ಬಿಲ್ಲಿನಲ್ಲಿ ಡಿಸ್ಕಿನ ಕ್ರಮಸಂಖ್ಯೆ ಬರೆಸಿ. ಪೆಟ್ಟಿಗೆಯ ಮೇಲಿನ ಸಂಖ್ಯೆ, ಡಿಸ್ಕಿನ ಮೇಲಿನ ಸಂಖ್ಯೆ ಎರಡೂ ಒಂದೇ ಇರಬೇಕು. ಆ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿದರೆ ವಾರಂಟಿ ಎಂದಿನವರೆಗೆ, ಭಾರತಕ್ಕೆ ಅನ್ವಯಿಸುತ್ತದೆಯೇ ಎಂಬುದು ತಿಳಿಯುತ್ತದೆ. ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತೇನೆ ಎಂದರೆ ಬಿಟ್ಟುಬಿಡಿ. ಮಾರುಕಟ್ಟೆಯ ದರದ ಕಾಲು ಭಾಗಕ್ಕೆ ಹಲವು ಟಿಬಿಯ ಎಸ್‌ಎಸ್‌ಡಿ ಅಥವಾ ಪೆನ್‌ಡ್ರೈವ್ ಎಂಬ ಜಾಹೀರಾತು ಕಂಡರೆ, ಒಳಗಿರುವುದು ಚಿಕ್ಕ ಚಿಪ್, ತೋರಿಸುವುದು ದೊಡ್ಡ ಅಂಕಿ ಎಂದು ಶಂಕಿಸಲೇಬೇಕು. ಅಂಥವು ಒಂದು ಹಂತದವರೆಗೆ ಸರಿಯಾಗಿ ಬರೆದು, ಆ ಬಳಿಕ ಹಳೆಯದರ ಮೇಲೆಯೇ ಬರೆಯುತ್ತವೆ. ಫೈಲಿನ ಹೆಸರು ಕಾಣುತ್ತದೆ, ಚಿತ್ರ ತೆರೆಯುವುದಿಲ್ಲ.

ವಾರಂಟಿಯ ಬಗ್ಗೆ ಒಂದು ಮಾತು ನೆನಪಿರಲಿ. ಕೆಟ್ಟ ಡಿಸ್ಕಿನ ಬದಲು ಇನ್ನೊಂದು ಡಿಸ್ಕು ಸಿಗುತ್ತದೆ, ಅದರೊಳಗಿದ್ದ ಫೋಟೋಗಳು ಸಿಗುವುದಿಲ್ಲ. 1 ಟಿಬಿ ಡಿಸ್ಕು ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಾಣುವುದು ಎಣಿಕೆಯ ವಿಧಾನದ ವ್ಯತ್ಯಾಸ, ಮೋಸವಲ್ಲ.

ಹಂತ 5: ನಂಬುವ ಮುನ್ನ ಪರೀಕ್ಷೆ

ಇದು ಎಲ್ಲರೂ ಹಾರಿಸಿಬಿಡುವ ಹಂತ. ಹೊಸ ಡಿಸ್ಕು ಮೊದಲ ವಾರಗಳಲ್ಲೇ ಕೆಡುವುದುಂಟು. ಅದು ಕೆಡುವುದಾದರೆ ನಿಮ್ಮ ಫೋಟೋ ಹೋಗುವ ಮುನ್ನವೇ ಕೆಡಲಿ.

ಮೊದಲು ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಿಂದ ಡಿಸ್ಕಿನ ಸ್ಮಾರ್ಟ್ ವರದಿ, ಎಂದರೆ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ, ನೋಡಿ. ಮ್ಯಾಕ್, ಲಿನಕ್ಸ್‌ಗಳಲ್ಲಿ ಸ್ಮಾರ್ಟ್‌ಮನ್‌ಟೂಲ್ಸ್ ಇದೆ. ಹೊಸದೆಂದು ಕೊಟ್ಟ ಡಿಸ್ಕು ನೂರಾರು ಗಂಟೆ ಓಡಿದೆಯೆಂದು ವರದಿ ತೋರಿಸಿದರೆ ಅಂಗಡಿಗೆ ಹಿಂದಿರುಗಿಸಿ. 05, ಸಿ5, ಸಿ6 ಎಂಬ ಮೂರು ಸಾಲುಗಳ ಕೊನೆಯ ಅಂಕಣದಲ್ಲಿರುವ ಸಂಖ್ಯೆ ಸೊನ್ನೆ ಇರಬೇಕು. ಕೆಟ್ಟು ಬದಲಿಸಲಾದ ಭಾಗಗಳು, ಓದಲು ತಡವರಿಸುತ್ತಿರುವ ಭಾಗಗಳು, ಸರಿಪಡಿಸಲಾಗದ ಭಾಗಗಳು ಎಷ್ಟೆಂಬುದನ್ನು ಅವು ಕ್ರಮವಾಗಿ ಹೇಳುತ್ತವೆ.

ಬಳಿಕ ಡಿಸ್ಕನ್ನು ಪೂರ್ತಿ ತುಂಬಿ ಮತ್ತೆ ಓದಿ ನೋಡುವ ಪರೀಕ್ಷೆ. ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯೂ, ಮ್ಯಾಕ್ ಮತ್ತು ಲಿನಕ್ಸ್‌ಗೆ ಎಫ್3 ಎಂಬ ಉಚಿತ ಸಾಧನಗಳಿವೆ. 2 ಟಿಬಿ ಡಿಸ್ಕು ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಬರೆಯಲು ಐದೂವರೆ ಗಂಟೆ, ಓದಲು ಅಷ್ಟೇ ಗಂಟೆ ಹಿಡಿಯುತ್ತದೆ. ರಾತ್ರಿ ಮಲಗುವ ಮುನ್ನ ಹಚ್ಚಿಟ್ಟರೆ ಬೆಳಿಗ್ಗೆ ಆಫೀಸಿಗೆ ಹೊರಡುವ ಹೊತ್ತಿಗೆ ಬಹುಮಟ್ಟಿಗೆ ಮುಗಿದಿರುತ್ತದೆ. ಲ್ಯಾಪ್‌ಟಾಪ್ ನಿದ್ರೆಗೆ ಜಾರದಂತೆ ಸೆಟ್ಟಿಂಗ್ ಬದಲಿಸಲು ಮರೆಯಬೇಡಿ. ಒಂದೇ ಒಂದು ದೋಷ ಬಂದರೂ ಆ ಡಿಸ್ಕು ಬೇಡ.

ಪರೀಕ್ಷೆಯ ಕಡತಗಳನ್ನು ಅಳಿಸಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ, ಎಂದರೆ ಫೈಲುಗಳನ್ನು ಜೋಡಿಸಿಡುವ ಪದ್ಧತಿಯೊಂದನ್ನು ಆರಿಸಿ ಡಿಸ್ಕನ್ನು ಸಿದ್ಧಗೊಳಿಸಿ. ಮನೆಯಲ್ಲಿ ವಿಂಡೋಸ್ ಮಾತ್ರ ಇದ್ದರೆ ಎನ್‌ಟಿಎಫ್‌ಎಸ್ ಆರಿಸಿ. ವಿಂಡೋಸ್, ಮ್ಯಾಕ್ ಎರಡೂ ಇದ್ದರೆ ಎಕ್ಸ್‌ಫ್ಯಾಟ್. ಇದು ನಡುವೆ ಕಿತ್ತಾಗ ಬೇಗ ಹಾಳಾಗುವುದರಿಂದ ಪ್ರತಿ ಸಲವೂ ‘ಇಜೆಕ್ಟ್’ ಕೊಟ್ಟೇ ತೆಗೆಯಬೇಕು. ಫ್ಯಾಟ್32 ಬೇಡವೇ ಬೇಡ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಕೂರುವುದಿಲ್ಲ, ಮದುವೆಯ ವೀಡಿಯೊ ಅಲ್ಲೇ ನಿಂತುಹೋಗುತ್ತದೆ.

ಹಂತ 6: ನಕಲು ಮಾಡಿ ತಾಳೆ ನೋಡುವುದು

ಮೊದಲು ಮೊಬೈಲಿನಿಂದ ಕಂಪ್ಯೂಟರಿಗೆ, ಅಲ್ಲಿಂದ ಎರಡೂ ಡಿಸ್ಕುಗಳಿಗೆ ಎಂಬ ಕ್ರಮ ಒಳ್ಳೆಯದು. ‘ಕಟ್’ ಮಾಡಿ ‘ಪೇಸ್ಟ್’ ಮಾಡಬಾರದು. ಸದಾ ‘ಕಾಪಿ’ ಮಾತ್ರ. ಕಟ್ ಮಾಡುವಾಗ ನಡುವೆ ಕೇಬಲ್ ಸಡಿಲವಾದರೆ ಫೈಲು ಅಲ್ಲೂ ಇಲ್ಲ ಇಲ್ಲೂ ಇಲ್ಲ ಎಂಬಂತಾಗುತ್ತದೆ. ಆಂಡ್ರಾಯ್ಡ್ ಮೊಬೈಲಿನಿಂದ ಸಾವಿರಾರು ಫೋಟೋಗಳನ್ನು ಒಮ್ಮೆಲೇ ಎಳೆದರೆ ಸಂಪರ್ಕ ನಡುವೆ ಕಡಿಯುವುದುಂಟು, ಆದ್ದರಿಂದ ಸಣ್ಣ ಸಣ್ಣ ಕಂತುಗಳಲ್ಲಿ ತೆಗೆದು ಎರಡೂ ಕಡೆಯ ಎಣಿಕೆ ನೋಡಿ. ಐಫೋನಿನ ಫೋಟೋಸ್ ಸೆಟ್ಟಿಂಗ್‌ನಲ್ಲಿ ‘ಕೀಪ್ ಒರಿಜಿನಲ್ಸ್’ ಆರಿಸಿಕೊಂಡರೆ, ವಿಂಡೋಸ್‌ಗೆ ನಕಲಿಸುವಾಗ ಚಿತ್ರ ಬೇರೆ ರೂಪಕ್ಕೆ ತಿರುಗುವುದೂ ಅದರಿಂದ ನಡುವೆ ದೋಷ ಬರುವುದೂ ತಪ್ಪುತ್ತದೆ.

ಫೋಲ್ಡರಿಗೆ ವರ್ಷ, ತಿಂಗಳು, ಸಂದರ್ಭ ಈ ಕ್ರಮದಲ್ಲಿ ಹೆಸರಿಡಿ: ‘2024-09 ಗಣೇಶ ಚೌತಿ’ ಎಂಬಂತೆ. ವರ್ಷ ಮೊದಲಿದ್ದರೆ ಪಟ್ಟಿ ತಾನಾಗಿ ಕಾಲಕ್ರಮದಲ್ಲಿ ನಿಲ್ಲುತ್ತದೆ. ಒಂದೇ ಫೋಟೋದ ಹಲವು ನಕಲುಗಳನ್ನು ಹುಡುಕಿ ಅಳಿಸುವ ಕೆಲಸವನ್ನು ಈಗ ಕೈಗೆತ್ತಿಕೊಳ್ಳಬೇಡಿ. ಮೊದಲು ಎಲ್ಲವೂ ಭದ್ರವಾಗಲಿ, ಹಸನು ಮಾಡುವುದು ಆಮೇಲೆ.

ನಕಲಾಯಿತು ಎಂಬ ಸಂದೇಶ ಬಂದ ಮಾತ್ರಕ್ಕೆ ಬರೆದದ್ದು ಸರಿಯಾಗಿದೆ ಎಂದಲ್ಲ. ವಿಂಡೋಸ್‌ನಲ್ಲಿ ಟೆರಾಕಾಪಿ ಬಳಸಿ ‘ವೆರಿಫೈ’ ಆಯ್ಕೆ ಕೊಟ್ಟರೆ ಮೂಲವನ್ನೂ ನಕಲನ್ನೂ ಮತ್ತೆ ಓದಿ ಹೋಲಿಸುತ್ತದೆ. ಫ್ರೀಫೈಲ್‌ಸಿಂಕ್ ಮೂರೂ ವ್ಯವಸ್ಥೆಗಳಲ್ಲಿ ನಡೆಯುತ್ತದೆ. ಅದರಲ್ಲಿ ‘ಫೈಲ್ ಕಂಟೆಂಟ್’ ಹೋಲಿಕೆ ಆರಿಸಿ, ಮತ್ತು ಒಂದು ಕಡೆ ಅಳಿದದ್ದನ್ನು ಇನ್ನೊಂದು ಕಡೆಯೂ ಅಳಿಸುವ ‘ಮಿರರ್’ ಬದಲು ಹೊಸದನ್ನೂ ಬದಲಾದದ್ದನ್ನೂ ಮಾತ್ರ ನಕಲಿಸುವ ‘ಅಪ್‌ಡೇಟ್’ ಆಯ್ಕೆ ಬಳಸಿ.

ಹಂತ 7: ಕ್ಲೌಡ್‌ನ ಪ್ರತಿ

ಗೂಗಲ್ ಖಾತೆಯಲ್ಲಿ ಉಚಿತವಾಗಿ ಸಿಗುವ 15 ಜಿಬಿ ಜಾಗವನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. 2021ರ ಜೂನ್ 1ರಿಂದ ಕುಗ್ಗಿಸಿದ ಫೋಟೋಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಜಾಗ ತುಂಬಿದರೆ ಫೋಟೋ ಮೇಲೇರುವುದು ನಿಲ್ಲುವುದಷ್ಟೇ ಅಲ್ಲ, ಇಮೇಲ್ ಬರುವುದೂ ನಿಲ್ಲುತ್ತದೆ. ಐಕ್ಲೌಡ್‌ನಲ್ಲಿ ಉಚಿತ ಜಾಗ 5 ಜಿಬಿ ಮಾತ್ರ. ಗೂಗಲ್ ಫೋಟೋಸ್‌ನಲ್ಲಿ ಮೇಲೇರಿಸುವ ಗುಣಮಟ್ಟವನ್ನು ‘ಒರಿಜಿನಲ್ ಕ್ವಾಲಿಟಿ’ ಎಂದೇ ಇಡಿ, ಇಲ್ಲವಾದರೆ ಅಲ್ಲಿರುವುದು ಕುಗ್ಗಿದ ಚಿತ್ರ.

ದಿನಕ್ಕೆ 2 ಜಿಬಿಯ ಮೊಬೈಲ್ ಡೇಟಾದಿಂದ ಈ ಕೆಲಸ ಆಗದು. ಸೆಕೆಂಡಿಗೆ 40 ಮೆಗಾಬಿಟ್ ಮೇಲೇರಿಸುವ ಬ್ರಾಡ್‌ಬ್ಯಾಂಡ್‌ನಲ್ಲಿ 200 ಜಿಬಿಗೆ ಎಡೆಬಿಡದೆ ಸುಮಾರು 11 ಗಂಟೆ ಬೇಕು. ಹಾಗಾಗಿ ಮೊದಲ ಸಲ ಕೆಲವು ರಾತ್ರಿಗಳನ್ನು ಇದಕ್ಕೆ ಬಿಡಬೇಕಾಗುತ್ತದೆ.

ಕ್ಲೌಡ್‌ನಲ್ಲಿ ಫೋಟೋ ಹೋಗುವ ದಾರಿಗಳು ಮೂರು. ಒಂದು, ಮೊಬೈಲಿನಲ್ಲಿ ಅಳಿಸಿದ್ದು ಅಲ್ಲೂ ಅಳಿಯುವುದು. ಐಕ್ಲೌಡ್ ಫೋಟೋಸ್ ಚಾಲನೆಯಲ್ಲಿದ್ದರೆ ಐಫೋನಿನಲ್ಲಿ ಅಳಿಸಿದ ಚಿತ್ರ ಎಲ್ಲ ಕಡೆಯಿಂದಲೂ ಹೋಗಿ, 30 ದಿನ ಮಾತ್ರ ಅಳಿಸಿದವುಗಳ ಫೋಲ್ಡರಿನಲ್ಲಿ ಉಳಿಯುತ್ತದೆ. ಗೂಗಲ್ ಫೋಟೋಸ್‌ನ ಕಸದ ಬುಟ್ಟಿಯಲ್ಲಿ ಬ್ಯಾಕಪ್ ಆದವು 60 ದಿನ ಇರುತ್ತವೆ. ಎರಡು, ಖಾತೆಯನ್ನು ಬಳಸದೆ ಬಿಡುವುದು. ಎರಡು ವರ್ಷ ಮುಟ್ಟದ ವೈಯಕ್ತಿಕ ಖಾತೆಯನ್ನು ಅಳಿಸುವ ಹಕ್ಕನ್ನು ಗೂಗಲ್ ತನ್ನ ನಿಯಮದಲ್ಲಿ ಇಟ್ಟುಕೊಂಡಿದೆ.

ಮೂರನೆಯದು ನಮ್ಮಂಥವರಿಗೆ ಹೆಚ್ಚು ಅನ್ವಯಿಸುವುದು. ಕರ್ನಾಟಕದಲ್ಲಿದ್ದಾಗ ಪಡೆದ ನಂಬರಿನಿಂದ ಖಾತೆ ತೆರೆದು, ಇಲ್ಲಿಗೆ ಬಂದ ಮೇಲೆ ಹೊಸ ಸಿಮ್ ಪಡೆದು, ಹಳೆಯದಕ್ಕೆ ರೀಚಾರ್ಜ್ ಮಾಡದೆ ಬಿಟ್ಟವರು ಬಹಳ ಮಂದಿ. ಮೊಬೈಲು ಕಳೆದುಹೋದ ದಿನ ಒಟಿಪಿ ಆ ಹಳೆಯ ನಂಬರಿಗೆ ಹೋಗುತ್ತದೆ. ಆ ನಂಬರು ಅಷ್ಟರಲ್ಲಿ ಬೇರೆಯವರ ಕೈಸೇರಿರಬಹುದು, ಖಾತೆ ನಿಮಗೆ ಮುಚ್ಚಿಹೋಗಿರುತ್ತದೆ. ಇಂದೇ ಖಾತೆಯ ಸೆಟ್ಟಿಂಗ್ ತೆರೆದು ನಂಬರು ಸರಿಪಡಿಸಿ, ಒಟಿಪಿ ಬರದಿದ್ದಾಗ ಖಾತೆ ತೆರೆಯಲು ನೆರವಾಗುವ ‘ಬ್ಯಾಕಪ್ ಕೋಡ್’ಗಳನ್ನು ಕಾಗದದ ಮೇಲೆ ಮುದ್ರಿಸಿಟ್ಟುಕೊಳ್ಳಿ. ಗೂಗಲ್‌ನ ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’, ಆ್ಯಪಲ್‌ನ ‘ಲೆಗಸಿ ಕಾಂಟ್ಯಾಕ್ಟ್’ಗಳಲ್ಲಿ ಮನೆಯ ಒಬ್ಬರ ಹೆಸರು ಸೇರಿಸಿದರೆ, ಖಾತೆದಾರರು ಇಲ್ಲದ ಕಾಲಕ್ಕೂ ಫೋಟೋಗಳು ಮನೆಯವರ ಕೈಗೆ ಸಿಗುತ್ತವೆ.

ಹಂತ 8: ಮರಳಿ ತೆರೆದು ನೋಡಿ, ಆಮೇಲೆ ಅಳಿಸುವುದು

ಡಿಸ್ಕನ್ನು ನಕಲು ಮಾಡಿದ ಕಂಪ್ಯೂಟರಿಗಲ್ಲದೆ ಬೇರೊಂದಕ್ಕೆ ಜೋಡಿಸಿ. ಬೇರೆ ಬೇರೆ ವರ್ಷಗಳ ಫೋಲ್ಡರುಗಳಿಂದ ಹತ್ತಿಪ್ಪತ್ತು ಚಿತ್ರಗಳನ್ನು ಪೂರ್ಣ ಗಾತ್ರದಲ್ಲಿ ತೆರೆಯಿರಿ; ಪುಟ್ಟ ಚಿತ್ರ ಕಂಡಿತೆಂದು ಬಿಡಬೇಡಿ, ಏಕೆಂದರೆ ಫೈಲು ಹಾಳಾಗಿದ್ದರೂ ಪುಟ್ಟ ಚಿತ್ರ ಉಳಿದಿರಬಹುದು. ಒಂದೆರಡು ದೊಡ್ಡ ವೀಡಿಯೊಗಳನ್ನು ಕೊನೆಯವರೆಗೆ ಓಡಿಸಿ. ಬೀಗ ಹಾಕಿದ ಡಿಸ್ಕಾದರೆ ಕಾಗದದಲ್ಲಿ ಬರೆದಿಟ್ಟ ಗುಪ್ತಪದವನ್ನೇ ನೋಡಿಕೊಂಡು ತೆರೆಯಿರಿ. ಕ್ಲೌಡ್‌ನಿಂದಲೂ ಕೆಲವನ್ನು ಇಳಿಸಿ ಗಾತ್ರ ಹೋಲಿಸಿ.

ಮೂರೂ ಪ್ರತಿಗಳು ಹೀಗೆ ತೆರೆದುಕೊಂಡ ಬಳಿಕ ಮೊಬೈಲಿನಲ್ಲಿ ಜಾಗ ಮಾಡಿಕೊಳ್ಳಬಹುದು. ಗೂಗಲ್ ಫೋಟೋಸ್‌ನಲ್ಲಿ ಇದಕ್ಕೆ ‘ಫ್ರೀ ಅಪ್ ಸ್ಪೇಸ್’ ಬಳಸಿ, ಅದು ಮೊಬೈಲಿನ ಪ್ರತಿಯನ್ನು ಮಾತ್ರ ತೆಗೆಯುತ್ತದೆ. ಸಾಮಾನ್ಯ ಡಿಲೀಟ್ ಕೊಟ್ಟರೆ ಕ್ಲೌಡ್‌ನಿಂದಲೂ ಹೋಗುತ್ತದೆ. ಐಕ್ಲೌಡ್ ಬಳಸುವವರು ಅಳಿಸುವ ಗೋಜಿಗೇ ಹೋಗದೆ ‘ಆಪ್ಟಿಮೈಸ್’ ಆಯ್ಕೆ ಕೊಟ್ಟರೆ ಸಾಕು.

ಹಂತ 9: ತೇವದಿಂದ ಕಾಪಾಡುವುದು, ವರ್ಷದ ನಿಗಾ

ಬಹುಪಾಲು ಹಾರ್ಡ್ ಡಿಸ್ಕುಗಳಿಗೆ ಉಸಿರಾಟದ ಸಣ್ಣ ರಂಧ್ರವಿರುತ್ತದೆ, ಹೊರಗಿನ ತೇವ ಅದರಿಂದ ನಿಧಾನವಾಗಿ ಒಳಸೇರುತ್ತದೆ. ಸ್ಟಿಕ್ಕರ್ ಅಂಟಿಸುವಾಗ ಅದನ್ನು ಮುಚ್ಚಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯಲ್ಲಿ ಚಪ್ಪಲಿಗೆ ಬೂಷ್ಟು ಹಿಡಿಯುವಂಥ ತೇವ. ಗೋವಾದ ಕಡಲಂಚಿನ ಮನೆಗಳಲ್ಲಿ ಉಪ್ಪಿನ ಗಾಳಿ ಯುಎಸ್‌ಬಿ ತುದಿಗಳನ್ನು ಕಿಲುಬು ಹಿಡಿಸುತ್ತದೆ. ಡಿಸ್ಕನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿ, ಹೊರಗೋಡೆಗೆ ತಾಗದ ಕಪಾಟಿನ ಮೇಲಿನ ಅರೆಯಲ್ಲಿಡಿ. ಬಣ್ಣ ಬದಲಿಸುವ ಜೆಲ್ ಆದರೆ ಯಾವಾಗ ಬದಲಿಸಬೇಕೆಂಬುದು ಕಾಣುತ್ತದೆ. ಎಸಿ ಕೋಣೆಯಿಂದ ಸೆಖೆಯ ಕೋಣೆಗೆ ತಂದ ಡಿಸ್ಕನ್ನು ಕೂಡಲೇ ಚಾಲೂ ಮಾಡಬೇಡಿ, ಒಳಗೆ ನೀರಹನಿ ಕಟ್ಟಿರಬಹುದು. ಒಂದೆರಡು ಗಂಟೆ ಡಬ್ಬಿಯೊಳಗೇ ಇರಲಿ. ರೈಲಿನಲ್ಲಿ ಊರಿಗೆ ಒಯ್ಯುವಾಗ ಸೀಟಿನ ಕೆಳಗಿನ ಟ್ರಂಕಿನಲ್ಲಿ ಬೇಡ, ಕೈಚೀಲದಲ್ಲಿ ಮೆತ್ತನೆಯ ಬಟ್ಟೆ ಸುತ್ತಿ ಒಯ್ಯಿರಿ.

ಮಳೆಗಾಲಕ್ಕೆ ಮುನ್ನ ಮೇ ಕೊನೆಗೆ ಒಮ್ಮೆ, ದೀಪಾವಳಿಯ ಸುಮಾರಿಗೆ ಇನ್ನೊಮ್ಮೆ ಡಿಸ್ಕನ್ನು ಜೋಡಿಸಿ ಹೊಸ ಫೋಟೋ ಸೇರಿಸಿ, ಸ್ಮಾರ್ಟ್ ವರದಿ ನೋಡಿ, ದಿನಾಂಕವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಊರಿಗೆ ಹೋಗುವಾಗ ಮನೆಯ ಡಿಸ್ಕನ್ನು ಒಯ್ದು ಅಲ್ಲಿಟ್ಟು, ಅಲ್ಲಿನದನ್ನು ತಂದು ಹೊಸದನ್ನು ತುಂಬಿಸಿದರೆ ಎರಡೂ ಸರದಿಯಂತೆ ಪರೀಕ್ಷೆಗೆ ಒಳಗಾಗುತ್ತವೆ. ಎರಡೂ ಡಿಸ್ಕು ಒಂದೇ ಚೀಲದಲ್ಲಿ ಪ್ರಯಾಣ ಮಾಡದಂತೆ ಮಾತ್ರ ನೋಡಿಕೊಳ್ಳಿ.

ಎಚ್ಚರಿಕೆಯ ಚಿಹ್ನೆಗಳು, ಕಂಡಾಗ ಮಾಡಬೇಕಾದದ್ದು

ಒಂದೇ ಲಯದ ಟಿಕ್ ಟಿಕ್ ಸದ್ದು, ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ತಡ, ಚಿತ್ರದ ಕೆಳಭಾಗ ಬೂದು ಬಣ್ಣವಾಗುವುದು, ಫೈಲುಗಳ ಹೆಸರು ಅರ್ಥವಾಗದ ಅಕ್ಷರಗಳಾಗುವುದು, ‘ಫಾರ್ಮ್ಯಾಟ್ ಮಾಡಬೇಕೆ’ ಎಂದು ಕಂಪ್ಯೂಟರ್ ಕೇಳುವುದು, ಸಿ5 ಅಥವಾ ಸಿ6 ಸಾಲಿನ ಅಂಕಿ ಏರುವುದು ಇವು ಡಿಸ್ಕು ಕೆಡುತ್ತಿರುವ ಲಕ್ಷಣಗಳು. ಸದ್ದು ಮಾತ್ರ ಇದ್ದರೆ ಮೊದಲು ಕೇಬಲ್ ಬದಲಿಸಿ, ಹಬ್ ಬಿಟ್ಟು ನೇರವಾಗಿ ಕಂಪ್ಯೂಟರಿನ ಪೋರ್ಟಿಗೆ ಜೋಡಿಸಿ ನೋಡಿ. ವಿದ್ಯುತ್ ಸಾಲದಿದ್ದರೂ ಅಂಥ ಸದ್ದು ಬರುತ್ತದೆ.

ಲಕ್ಷಣ ಖಚಿತವಾದರೆ ಫಾರ್ಮ್ಯಾಟ್ ಮಾಡಬೇಡಿ, ಡಿಸ್ಕಿನ ದೋಷ ಹುಡುಕಿ ಸರಿಪಡಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಬೇಡಿ. ಸಾಯುತ್ತಿರುವ ಡಿಸ್ಕಿಗೆ ಅದು ಹೆಚ್ಚು ಕೆಲಸ ಕೊಡುತ್ತದೆ, ಯಾವ ಫೈಲು ಎಲ್ಲಿದೆ ಎಂಬ ಸೂಚಿಯನ್ನೂ ಬದಲಿಸಿಬಿಡಬಹುದು. ಇತರ ಎರಡು ಪ್ರತಿಗಳು ಸರಿಯಾಗಿದ್ದರೆ ಆ ಡಿಸ್ಕನ್ನು ಬದಿಗಿಟ್ಟು ಹೊಸದನ್ನು ತನ್ನಿ. ಬೇರೆಲ್ಲೂ ಇಲ್ಲದ ಫೋಟೋ ಅದರಲ್ಲಿದ್ದರೆ, ಬಹು ಮುಖ್ಯವಾದವನ್ನು ಮೊದಲು ನಕಲಿಸಲು ಒಂದು ಸಲ ಪ್ರಯತ್ನಿಸಿ. ಟಿಕ್ ಸದ್ದು ನಿಲ್ಲದಿದ್ದರೆ ವಿದ್ಯುತ್ ಕಡಿದು ಡೇಟಾ ರಿಕವರಿ ಪ್ರಯೋಗಾಲಯಕ್ಕೆ ಒಪ್ಪಿಸಿ. ಸ್ಕ್ರೂ ಬಿಚ್ಚಿ ತೆರೆಯುವುದು, ಫ್ರೀಜರ್‌ನಲ್ಲಿಡುವುದು, ಅಕ್ಕಿಯಲ್ಲಿ ಹುಗಿಯುವುದು ಇವು ಉಳಿದ ಅವಕಾಶವನ್ನೂ ಕೆಡಿಸುತ್ತವೆ. ಪ್ರಯೋಗಾಲಯಕ್ಕೆ ಕೊಡುವ ಮುನ್ನ ಪರೀಕ್ಷೆಯ ಶುಲ್ಕ ಎಷ್ಟು, ಫೋಟೋ ಸಿಗದಿದ್ದರೆ ಕೊಡಬೇಕಾದದ್ದು ಎಷ್ಟು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಲಕ್ಷಣ ಏನೂ ಕಾಣದಿದ್ದರೂ ಐದು ವರ್ಷದ ಆಸುಪಾಸಿನಲ್ಲಿ ಡಿಸ್ಕು ಬದಲಿಸಿ. ಹೊಸದನ್ನು ಹಂತ 5ರಂತೆ ಪರೀಕ್ಷಿಸಿ, ತುಂಬಿಸಿ, ತಾಳೆ ನೋಡಿ ಆಗುವವರೆಗೆ ಹಳೆಯದು ಡಬ್ಬಿಯಲ್ಲೇ ಇರಲಿ. ಆ ಬಳಿಕ ಅದನ್ನು ಪೂರ್ತಿ ಅಳಿಸುವ ‘ಫುಲ್ ಫಾರ್ಮ್ಯಾಟ್’ ಮಾಡಿ, ಕ್ರಮಸಂಖ್ಯೆಯನ್ನು ನೋಟ್‌ಬುಕ್ಕಿನಿಂದ ಹೊಡೆದುಹಾಕಿ, ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ. ರದ್ದಿಯವರಿಗೆ ಕೊಡಬೇಡಿ.